ಹನ್ನೆರಡಡಿ ಜಾಗದ ವ್ಯಾಜ್ಯ

ನಮ್ಮ ಹಿತ್ತಲ ನುಗ್ಗೆಮರ ಹೋದ ವರ್ಷ ಶಿವರಾತ್ರಿ ಕಳೆದ ವಾರ ಬೀಸಿದ ಗಾಳಿಗೆ ಬಿತ್ತು. ನುಗ್ಗೆಮರ ಬೀಳುವುದೇನೂ ಸುದ್ದಿಯಲ್ಲ, ಅದು ಹುಟ್ಟುವುದೇ ಬೀಳುವುದಕ್ಕೆ. ಸುದ್ದಿಯಾದದ್ದು ಅದು ಬಿಟ್ಟುಹೋದ ಜಾಗ. ಉದ್ದ 12 ಅಡಿ, ಅಗಲ 8 ಅಡಿ. ಒಂದು ಕಡೆ ಕಾಂಪೌಂಡು, ಒಂದು ಕಡೆ ಬಟ್ಟೆ ಒಗೆಯುವ ಕಲ್ಲು, ಮೂರನೇ ಕಡೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ. ಮೈಸೂರಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದವನಿಗೆ ಇಷ್ಟು ಮಣ್ಣು ಉಳಿದಿದೆ ಅಂದರೆ ಅದು ಹಿರಿಯರ ಪುಣ್ಯ, ಇಲ್ಲವೇ ಸಾಲ ಕೊಟ್ಟ ಬ್ಯಾಂಕಿನ ಜಿಪುಣತನ. ಬ್ಯಾಂಕಿನಲ್ಲೇ ಮೂವತ್ನಾಲ್ಕು ವರ್ಷ ಸವೆದವನಾದ್ದರಿಂದ ಈ ಮಾತಾಡುವ ಹಕ್ಕು ನನಗುಂಟು.

ಬಿದ್ದ ಮರವನ್ನು ತುಂಡು ಮಾಡಿ ಸಾಗಿಸಿದ ಮಾರನೇ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಹೋದೆ. ಖಾಲಿ ಜಾಗ ಕಂಡರೆ ಗಂಡಸರಿಗೆ ಏನೋ ಒಂದು ದೂರದೃಷ್ಟಿ ಬರುತ್ತದೆ.

"ಇಲ್ಲಿ ಒಂದು ಹಲಸಿನ ಗಿಡ ಹಾಕೋಣ" ಅಂದೆ.

"ಹಲಸಾ?" ಅಂದಳು ನಮ್ಮಾಕೆ. ಆ ಒಂದು ದೀರ್ಘದೊಳಗೆ ಮೂವತ್ತೈದು ವರ್ಷದ ಸಂಸಾರವೆಲ್ಲ ಇತ್ತು. "ಅಲ್ಲಿಗೆ ಸುವರ್ಣಗಡ್ಡೆ ಅಂತ ನಾನು ಆಗಲೇ ಯೋಚನೆ ಮಾಡಿ ಆಗಿದೆ ಮಾರಾಯ್ರೆ."

ಇಲ್ಲಿ ಒಂದು ವಿಚಾರ ತಿಳಿಸಬೇಕು. ನಮ್ಮಾಕೆ ಪುತ್ತೂರಿನ ಕಡೆಯವಳು. ಮೈಸೂರಿಗೆ ಬಂದು ಇಷ್ಟು ವರ್ಷವಾಗಿ ಮಾತೆಲ್ಲ ಮೈಸೂರಿನದೇ ಆಗಿದೆ. ಸಿಟ್ಟು ಬಂದಾಗ ಮಾತ್ರ ನಾಲಿಗೆ ಶಿರಾಡಿ ಘಾಟಿ ಇಳಿಯುತ್ತದೆ. "ಮಾರಾಯ್ರೆ" ಅಂದಳೆಂದರೆ ಘಾಟಿ ಅರ್ಧ ಇಳಿದಾಗಿದೆ ಎಂದೇ ಅರ್ಥ.

ನನಗೆ ಮೊದಲು ಅರ್ಥವಾಗದೇ ಇದ್ದದ್ದು ಇದು. ಹಲಸಿನ ಸೀಮೆಯ ಮಗಳು ಹಲಸನ್ನು ಬೇಡ ಅನ್ನುವುದು, ವಠಾರದಲ್ಲಿ ಬೆಳೆದ ನಾನು ಬೇಕು ಅನ್ನುವುದು, ಇದೆಂಥ ನ್ಯಾಯ? ಆಮೇಲೆ ತಿಳಿಯಿತು, ನ್ಯಾಯವೇ ಅದು. ನಾನು ಹಲಸನ್ನು ಕಂಡದ್ದು ತಳ್ಳುಗಾಡಿಯ ಮೇಲೆ. ಗಾಡಿಯವನು ಬಾಳೆ ಎಲೆಯ ಮೇಲೆ ತೊಳೆಗಳನ್ನು ಹಳದಿ ಹೂವಿನ ಹಾಗೆ ಜೋಡಿಸಿ ನೊಣ ಓಡಿಸುತ್ತಾ ನಿಂತಿರುತ್ತಿದ್ದ. ಅಪ್ಪ ಸಂಬಳದ ದಿನ ಕೊಡಿಸಿದರೆ ನಾಲ್ಕು ಮಕ್ಕಳಿಗೆ ಎಂಟು ತೊಳೆ. ಆ ಎರಡು ತೊಳೆಯ ರುಚಿ ಇವತ್ತಿಗೂ ಗಂಟಲಲ್ಲಿದೆ. ಬೀಜವನ್ನು ಕೂಡ ಜೇಬಿನಲ್ಲಿಟ್ಟುಕೊಂಡು ಬಂದು ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟು ತಿಂದವರು ನಾವು.

ಅವಳ ಕಥೆ ಬೇರೆ. ಅವರ ಅಡಿಕೆ ತೋಟದ ಅಂಚಿನಲ್ಲಿ ಹದಿನೆಂಟು ಹಲಸಿನ ಮರ. ಹಣ್ಣು ಯಾರಿಗೂ ಬೇಡ, ದನವೂ ತಿಂದು ತಿಂದು ಮುಖ ತಿರುಗಿಸುತ್ತಿತ್ತಂತೆ. ಫೆಬ್ರವರಿಯಲ್ಲಿ ಎಳೆಕಾಯಿಯ ಗುಜ್ಜೆ ಪಲ್ಯದಿಂದ ಶುರುವಾದರೆ ಜುಲೈ ಮುಗಿಯುವ ತನಕ ಬಿಡುಗಡೆಯಿಲ್ಲ. ಬಲಿತ ಕಾಯಿ ಬಂದರೆ ಹಪ್ಪಳ. ಮಂಡಿಯೂರಿ ಕಾಯಿ ಕೊಯ್ಯಬೇಕು, ಸೊಳೆ ಬಿಡಿಸಬೇಕು, ಹಬೆಯಲ್ಲಿ ಬೇಯಿಸಬೇಕು, ಒರಳಲ್ಲಿ ಗುದ್ದಬೇಕು, ಉಂಡೆ ಕಟ್ಟಬೇಕು, ಒತ್ತಬೇಕು, ಚಾಪೆಯ ಮೇಲೆ ಹರವಿ ಕಾಗೆ ಕಾಯಬೇಕು. ಕಾಗೆ ಕಾಯುವ ಹುದ್ದೆ ಎಂಟು ವರ್ಷದ ಇವಳದು. ಶಾಲೆಗೆ ರಜೆ ಕೊಡುವುದೇ ಹಲಸಿನ ಹಪ್ಪಳಕ್ಕೆ ಎಂದು ಐದನೇ ಕ್ಲಾಸಿನ ತನಕ ನಂಬಿದ್ದಳಂತೆ. ಉಳಿದ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲದ ಉಪ್ಪಡಚ್ಚಿಲ್. ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ, ಅದು ಹಲ್ಲಿನ ಪರೀಕ್ಷೆ. ಹಣ್ಣಾದದ್ದನ್ನು ಕಾಯಿಸಿ ಬೆರಟಿ. ಎಲೆಯಲ್ಲಿ ಕಟ್ಟಿ ಬೇಯಿಸಿದರೆ ಗಟ್ಟಿ. ಇಷ್ಟೆಲ್ಲ ಮಾಡಿದ ಮೇಲೂ ಅಂಗಳದಲ್ಲಿ ಇನ್ನೂ ಆರು ಹಣ್ಣು ಕೂತು ಇವರ ಮುಖ ನೋಡುತ್ತಿರುತ್ತಿದ್ದವು.

"ನೀವು ಹಲಸು ತಿಂದವರು, ನಾವು ಹಲಸು ಮಾಡಿದವರು" ಅಂದಳು. ಇದಕ್ಕೆ ನನ್ನ ಬಳಿ ಜವಾಬಿರಲಿಲ್ಲ. ಜವಾಬಿಲ್ಲದಾಗ ವಿದ್ಯಾವಂತರು ಮಾಡುವ ಕೆಲಸವನ್ನೇ ಮಾಡಿದೆ, ಪತ್ರಿಕೆ ತೋರಿಸಿದೆ. ನಿಮ್ಮ ಪುತ್ತೂರಿನಿಂದಲೇ ಬರುವ 'ಅಡಿಕೆ ಪತ್ರಿಕೆ'ಯಲ್ಲಿ ಶ್ರೀಪಡ್ರೆಯವರು ವರ್ಷಗಟ್ಟಲೆ ಹಲಸಿನ ಪರವಾಗಿ ಬರೆದಿದ್ದಾರೆ. ಪಕ್ಕದ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಸಾರಿತು. ಬಾಂಗ್ಲಾದೇಶಕ್ಕೆ ಅದು ರಾಷ್ಟ್ರೀಯ ಹಣ್ಣು. ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ. ಮಲಯಾಳಿಗಳ 'ಚಕ್ಕ' ಪೋರ್ಚುಗೀಸರ ಬಾಯಲ್ಲಿ 'ಜಾಕ' ಆಗಿ, ಇಂಗ್ಲಿಷರ ಬಾಯಲ್ಲಿ 'ಜಾಕ್' ಆಗಿ ಲೋಕ ಸುತ್ತಿತು. ಮೃದಂಗದ ಒಡಲು ಹಲಸಿನ ಮರದ್ದು, ಗೊತ್ತಾ?

"ಮೃದಂಗ ಬಾರಿಸುವವರು ಯಾರಿದ್ದಾರೆ ನಮ್ಮನೇಲಿ?" ಅಂದಳು. "ಒಂದು ದಿನ ಕಾಗೆ ಕಾಯಿರಿ. ಆಮೇಲೆ ಮಾತಾಡುವ."

ಈಗ ಗಡ್ಡೆಯ ಪಕ್ಷವನ್ನೂ ಕೇಳಬೇಕಲ್ಲ. ಸುವರ್ಣಗಡ್ಡೆಯನ್ನು ಮೊದಲ ಸಲ ನೋಡಿದವರು ಅದನ್ನು ತರಕಾರಿ ಅನ್ನುವುದಿಲ್ಲ. ತರಕಾರಿ ಅಂಗಡಿಯ ಮೂಲೆಯಲ್ಲಿ ಮಣ್ಣು ಮೆತ್ತಿಕೊಂಡು, ಮೈತುಂಬ ಗಂಟು ಕಟ್ಟಿಕೊಂಡು, ಯಾರೋ ಮರೆತುಹೋದ ಸಾಮಾನಿನ ಹಾಗೆ ಕೂತಿರುತ್ತದೆ. ಇಂಗ್ಲಿಷಿನವರು ಅದಕ್ಕೆ ಆನೆಯ ಪಾದ ಅಂತ ಹೆಸರಿಟ್ಟದ್ದು ಪ್ರಾಮಾಣಿಕತನ. ಅದನ್ನು ನೋಡಿ 'ಸುವರ್ಣ' ಅಂದ ನಮ್ಮವರದು ಕವಿಹೃದಯ. ಸಂಸ್ಕೃತದ ಸೂರಣವೇ ಕನ್ನಡದ ಬಾಯಿಗೆ ಬಂದು ಸುವರ್ಣವಾಯಿತು ಎಂದು ನನ್ನ ಗುಮಾನಿ. ಹೆಣ್ಣು ಕಪ್ಪಗಿದ್ದರೂ ಲಗ್ನಪತ್ರಿಕೆಯಲ್ಲಿ ಗೌರಿ ಅಂತ ಬರೆಸುವ ಜನ ನಾವು.

ಆದರೆ ಲೆಕ್ಕಕ್ಕೆ ಕೂತರೆ ಅವಳ ಕೈ ಮೇಲು. ತೋಟಗಾರಿಕೆಯ ಪುಸ್ತಕ ತೆಗೆದು ತೋರಿಸಿದಳು. ಒಂದು ಹಲಸಿನ ಮರಕ್ಕೂ ಇನ್ನೊಂದಕ್ಕೂ ನಡುವೆ 8ರಿಂದ 10 ಮೀಟರ್ ಜಾಗ ಬೇಕು. ಗಡ್ಡೆಗೆ ಗಡ್ಡೆಗೆ 90 ಸೆಂಟಿಮೀಟರ್ ಸಾಕು. "ನಿಮ್ಮ ಒಂದು ಮರದ ಜಾಗದಲ್ಲಿ ನನ್ನ ನೂರು ಗಡ್ಡೆ ಕೂರ್ತದೆ" ಅಂದಳು. ನಾನು ಕಾಗದ ಪೆನ್ಸಿಲು ಹಿಡಿದು ನೋಡಿದೆ. 9 ಮೀಟರಿಗೆ 9 ಮೀಟರ್ ಅಂದರೆ ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು. ಕರಾರುವಾಕ್ಕಾಗಿ ನೂರು. ಬ್ಯಾಂಕಿನಲ್ಲಿ ಕೂಡಿ ಕಳೆದು ಜೀವ ಸವೆಸಿದವನಿಗೆ ಅಡುಗೆಮನೆಯಿಂದ ಬಂದ ಲೆಕ್ಕದಲ್ಲಿ ಒಂದು ಪೈಸೆ ತಪ್ಪು ಹಿಡಿಯಲಾಗಲಿಲ್ಲ.

"ಸರಿ, ನೂರು ಗಡ್ಡೆಗೆ ಎರಡೆರಡು ಕಿಲೋ ಅಂದರೂ ಇನ್ನೂರು ಕಿಲೋ. ತಿನ್ನೋರು ಯಾರು?"

"ನಿಮ್ಮ ಮರದಲ್ಲಿ ಐವತ್ತು ಹಣ್ಣು ಬಿಟ್ಟರೆ? ಹಣ್ಣಿಗೆ ಹತ್ತು ಕಿಲೋ. ತಿನ್ನೋರು ಯಾರು?"

ಇಬ್ಬರೇ ಇರುವ ಮನೆ. ಇಬ್ಬರಿಗೂ ಸಕ್ಕರೆ ಕಾಯಿಲೆಯ ಸೂಚನೆ. ಲೆಕ್ಕ ಅಲ್ಲಿಗೇ ಬಿಟ್ಟೆವು.

ಯುಗಾದಿಗೆ ತಂಗಿಯ ಮಗ ಬಂದಿದ್ದ. ಬಿಎಸ್ಸಿ ಅಗ್ರಿ ಓದುವ ಹುಡುಗ. ಪಂಚಾಯ್ತಿ ಅವನ ಮುಂದಿಟ್ಟೆವು, ಹಣ್ಣಿನ ಮರ ಮೇಲೋ ಬೇರಿನ ತರಕಾರಿ ಮೇಲೋ ಎಂದು. ಅವನು ಒಬ್ಬಟ್ಟು ನುಂಗಿ ಹೇಳಿದ: "ಮಾವ, ಸುವರ್ಣಗಡ್ಡೆ ಬೇರೇ ಅಲ್ಲ. ಅದು ಭೂಮಿಯೊಳಗೆ ಊದಿಕೊಂಡ ಕಾಂಡ. ಬೇರು ಅಂದರೆ ಗೆಣಸು, ಮೂಲಂಗಿ, ಕ್ಯಾರೆಟ್ಟು. ಇನ್ನು ಮೇಲೆ ಕಾಂಡದ ಹಾಗೆ ನಿಂತಿರುತ್ತಲ್ಲ ಮಚ್ಚೆ ಮಚ್ಚೆಯಾಗಿ, ಅದು ಕಾಂಡ ಅಲ್ಲ, ಎಲೆಯ ತೊಟ್ಟು. ಇಡೀ ವರ್ಷಕ್ಕೆ ಅದು ಬಿಡೋದೇ ಒಂದು ಎಲೆ, ಕೊಡೆಯ ಹಾಗೆ." ನಾನು ಮೀಸೆಯಡಿ ನಕ್ಕೆ. ಅವನು ನನ್ನ ಕಡೆ ತಿರುಗಿದ. "ಹಲಸಿನ ಹಣ್ಣೂ ಒಂದು ಹಣ್ಣಲ್ಲ ಮಾವ. ನೂರಾರು ಹೂವು ಒಂದಕ್ಕೊಂದು ಅಂಟಿಕೊಂಡು ಆದ ಗುಂಪು. ಬಲಿತ ಒಂದೊಂದು ಹೂವಿಗೆ ಒಂದೊಂದು ತೊಳೆ. ಬಲಿಯದೇ ಹೋದ ಹೂವೆಲ್ಲ ನಾರು."

ಬೇರು ಬೇರಲ್ಲ, ಕಾಂಡ ಕಾಂಡವಲ್ಲ, ಹಣ್ಣು ಹಣ್ಣಲ್ಲ. ಹಾಗಾದರೆ ಹದಿನೈದು ದಿನದಿಂದ ನಾವಿಬ್ಬರೂ ಮಾತು ಬಿಟ್ಟದ್ದು ಯಾವುದಕ್ಕೆ? "ಓದಿದ್ದು ಸಾಕು, ಇನ್ನೊಂದು ಒಬ್ಬಟ್ಟು ಹಾಕಿಸ್ಕೋ" ಅಂತ ನಮ್ಮಾಕೆ ಅವನ ಬಾಯಿ ಮುಚ್ಚಿಸಿದಳು. ಎಷ್ಟೋ ಶಾಸ್ತ್ರಚರ್ಚೆಗಳು ಹೀಗೇ ಒಬ್ಬಟ್ಟಿನಲ್ಲಿ ಮುಗಿದಿರಬೇಕು.

ನಾಟಿಯ ಹೊತ್ತು ನನಗಾಗಿ ಕಾಯಲಿಲ್ಲ. ಗಡ್ಡೆ ಹೂಳುವುದು ಯುಗಾದಿಯ ಆಚೀಚೆ, ಬೇಸಿಗೆ ಮಳೆ ಬೀಳುವ ಮುಂಚೆ. ಅವಳ ತಮ್ಮ ಊರಿಂದ ತಂದ ದೊಡ್ಡ ಗಡ್ಡೆಯನ್ನು, ನಡುವಿನ ಮೊಳಕೆಯ ಕಣ್ಣು ತುಂಡಿಗೊಂದು ಚೂರಾದರೂ ಬರುವ ಹಾಗೆ, ಅರ್ಧರ್ಧ ಕಿಲೋದ ತುಂಡು ಮಾಡಿದಳು. ಸಗಣಿ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದಳು. ಗುಂಡಿ ತೋಡಿದ್ದು ನಾನು. ಎರಡಡಿ ಅಗಲ, ಒಂದೂವರೆ ಅಡಿ ಆಳದ ಆರು ಗುಂಡಿ. "ತಾತ್ಕಾಲಿಕ ರೀ, ಒಂದು ವರ್ಷಕ್ಕೆ ಮಾತ್ರ" ಎಂದು ಸಮಾಧಾನ ಮಾಡಿದಳು. ಈ ದೇಶದಲ್ಲಿ ತಾತ್ಕಾಲಿಕ ಅನ್ನುವುದಕ್ಕೆ ಎಷ್ಟು ಆಯುಸ್ಸು ಎಂದು ಸರ್ಕಾರಿ ಶಾಮಿಯಾನದಡಿ ಓದಿದವರಿಗೆ ಗೊತ್ತು.

ನಾನೂ ಸುಮ್ಮನಿರಲಿಲ್ಲ. ಜೂನ್ ತಿಂಗಳಲ್ಲಿ ತುಮಕೂರಿನ ಕಡೆ ಮದುವೆಗೆ ಹೋದವನು ಒಂದು ಕಸಿ ಗಿಡ ತಂದೇಬಿಟ್ಟೆ. ಸಿದ್ದು ಹಲಸು. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಒಂದೇ ಒಂದು ಮರ ಇದಕ್ಕೆ ತಾಯಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಅದನ್ನು ಗುರುತಿಸಿ ಕಸಿ ಗಿಡ ಮಾಡುವ ಏರ್ಪಾಡು ಮಾಡಿದ ಮೇಲೆ ಆ ಮರ ನಾಡಿಗೆಲ್ಲ ಹೆಸರಾಯಿತು. ತೊಳೆ ತಾಮ್ರಗೆಂಪು. ಹಣ್ಣು ಎರಡೂವರೆ ಕಿಲೋ ಆಸುಪಾಸು, ಅಂದರೆ ಇಬ್ಬರಿರುವ ಮನೆಗೆಂದೇ ದೇವರು ಮಾಡಿದ ಅಳತೆ. ಬೀಜದಿಂದ ಬಂದ ಗಿಡವಾದರೆ ಏಳೆಂಟು ವರ್ಷ ಕಾಯಬೇಕು. ಕಸಿಯಾದರೆ ಮೂರು ನಾಲ್ಕು ವರ್ಷಕ್ಕೆ ಫಲ. ಅರವತ್ತಾರು ದಾಟಿದವನಿಗೆ ಆ ನಾಲ್ಕು ವರ್ಷದ ವ್ಯತ್ಯಾಸ ಏನೆಂದು ಗೊತ್ತು.

"ಎಲ್ಲಿ ನೆಡ್ತೀರಿ?" ಅಂದಳು, ಗಿಡದ ಕಡೆ ನೋಡದೆ.

"ಸದ್ಯಕ್ಕೆ ಇಲ್ಲಿರಲಿ" ಎಂದು ಒಗೆಯುವ ಕಲ್ಲಿನ ಪಕ್ಕ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಇಟ್ಟೆ. ತಾತ್ಕಾಲಿಕ.

ಅಲ್ಲಿಂದ ಹಿತ್ತಲಲ್ಲಿ ಎರಡು ಪಕ್ಷ. ಗಡ್ಡೆಯವರು ಮಳೆ ಬಿದ್ದ ಮೇಲೆ ಒಂದೊಂದೇ ಕೊಡೆ ಬಿಚ್ಚಿ ನಿಂತರು. ನನ್ನ ಸಿದ್ದು ಎರಡು ಎಲೆ ಬಿಟ್ಟು ಒಂದು ಎಲೆ ಉದುರಿಸಿ ಬಜೆಟ್ಟು ಸರಿದೂಗಿಸುತ್ತಿತ್ತು. ಬೆಳಿಗ್ಗೆ ಇವೆರಡನ್ನೂ ನೋಡುತ್ತಾ ಕೂತು ಕೂತು ನನಗೊಂದು ಜ್ಞಾನೋದಯವಾಯಿತು. ಮನುಷ್ಯರಲ್ಲೂ ಎರಡೇ ಜಾತಿ. ಹಲಸಿನವರು, ಗಡ್ಡೆಯವರು.

ಹಲಸಿನವರ ಸಂಪತ್ತೆಲ್ಲ ಬೊಡ್ಡೆಯ ಮೇಲೇ ನೇತಾಡುತ್ತದೆ. ಮಾವು ಸೀಬೆಗಳ ಹಾಗೆ ಎಲೆಯ ಮರೆ ಗಿಲೆಯ ಮರೆ ಇಲ್ಲ. ಮಗ ಅಮೆರಿಕದಲ್ಲಿ, ಮಗಳಿಗೆ ಮೆಡಿಕಲ್ ಸೀಟು, ಹೊಸ ಕಾರು, ಎಲ್ಲ ದಾರಿಹೋಕರ ಕಣ್ಣಿಗೆ ಬೀಳಬೇಕು. ಮುಟ್ಟಿದರೆ ಮುಳ್ಳು, ಬಿಡಿಸಿಕೊಳ್ಳಲು ಹೋದರೆ ಮೇಣ. ಒಮ್ಮೆ ಮಾತಿಗೆ ಸಿಕ್ಕಿದರೆ ಕೊಬ್ಬರಿ ಎಣ್ಣೆ ಹಚ್ಚಿದರೂ ಬಿಡರು. ಒಳಗಡೆ ಮಾತ್ರ ಸಿಹಿ, ಅದನ್ನು ಒಪ್ಪಬೇಕು.

ಗಡ್ಡೆಯವರು ಮೇಲೆ ಒಂದೇ ಎಲೆ ತೋರಿಸುತ್ತಾರೆ. ನಮ್ಮ ಶಾಖೆಯಲ್ಲೇ ಒಬ್ಬರಿದ್ದರು. ಇಪ್ಪತ್ತು ವರ್ಷ ಅದೇ ಎರಡು ಷರಟು, ಟಿಫನ್ನಿಗೆ ಅದೇ ಚಿತ್ರಾನ್ನ, ಕಾಫಿಗೆ ಯಾವತ್ತೂ ಬೇರೆಯವರ ಕಾಸು. ನಿವೃತ್ತರಾದ ದಿನ ಗೊತ್ತಾಯಿತು, ಮೂರು ಸೈಟು, ಎರಡು ಮಳಿಗೆ. ಎಲೆ ಒಣಗಿ ಬಿದ್ದ ಮೇಲೇ ಅಗೆದು ನೋಡಬೇಕು ಗಡ್ಡೆಯವರನ್ನು. ಅಗೆದು ಹೆಚ್ಚಲು ಹೋದಿರೋ, ಕೈಯೆಲ್ಲ ನವೆ.

ಈ ವರ್ಗೀಕರಣವನ್ನು ನಮ್ಮಾಕೆಗೆ ಹೇಳಿ, "ನಾನು ಯಾವ ಜಾತಿ ಹೇಳು ನೋಡೋಣ" ಅಂದೆ.

ತಲೆ ಎತ್ತದೆ ಅಂದಳು: "ನೀವು ನುಗ್ಗೆ."

ಡಿಸೆಂಬರ್ ಕೊನೆಗೆ ಕೊಡೆಗಳು ಹಳದಿಯಾಗಿ ಮುದುರಿ ಬಿದ್ದವು. ಜನವರಿಯಲ್ಲಿ ಅಗೆತ. ನನ್ನ ಸೊಂಟ ನೆಟ್ಟಗಾಗಲು ಮೂರು ದಿನ ಹಿಡಿಯಿತು ಅನ್ನುವುದನ್ನು ಬಿಟ್ಟರೆ ಗಡ್ಡೆ ಅಗೆಯುವುದು ಸೊಗಸಾದ ಕೆಲಸ. ಹಲಸಿನ ಮರದಲ್ಲಿ ಎಷ್ಟು ಕಾಯಿದೆ ಎಂದು ಬೀದಿಯವರೂ ಎಣಿಸಬಹುದು. ಗಡ್ಡೆಯ ಗುಂಡಿಗೆ ಹಾರೆ ಹಾಕುವಾಗ ಲಾಟರಿ ಟಿಕೇಟಿನ ಪುಳಕ. ಒಂದು ಗುಂಡಿಯಲ್ಲಿ ಒಂದೂವರೆ ಕಿಲೋ. ಇನ್ನೊಂದರಲ್ಲಿ ನಾಲ್ಕು ಕಿಲೋದ ಮಹಾಶಯ. ಐದು ಗುಂಡಿ ಅಗೆದು ಡಾಕ್ಟರು ಕೊಂಡುಕೊಳ್ಳಲು ಹೇಳಿದ್ದ ತೂಕದ ಯಂತ್ರದ ಮೇಲೆ ಗೋಣಿಯೊಂದಿಗೆ ನಿಂತೆ. ನನ್ನನ್ನು ಕಳೆದರೆ ಹದಿಮೂರು ಕಿಲೋ.

"ಎರಡೂವರೆ ಕಿಲೋ ಹಾಕಿ ಒಂಬತ್ತು ತಿಂಗಳಿಗೆ ಹದಿಮೂರು. ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಕೊಡ್ತಾರೆ?" ಅಂದಳು. ಆರನೆಯದನ್ನು ಮಾತ್ರ "ಅದು ಬೀಜಕ್ಕೆ ಇರಲಿ" ಎಂದು ಮಣ್ಣಲ್ಲೇ ಬಿಡಿಸಿದಳು. ಆ ಆರನೆಯದು ಮುಂದೆ ಬೀದಿಯ ಇತಿಹಾಸದಲ್ಲಿ ಸೇರಲಿದೆ, ಸ್ವಲ್ಪ ತಾಳಿ.

ಗಡ್ಡೆ ಹೆಚ್ಚುವುದಕ್ಕೆ ಅವಳದೇ ಮಡಿಯುಂಟು. ಕೈಗೆ ಎಣ್ಣೆ, ಗಡ್ಡೆ ಒದ್ದೆಯಾಗಕೂಡದು, ಹೆಚ್ಚಿದ ಮೇಲೆ ತೊಳೆದು ಹುಣಸೆ ನೀರಿನಲ್ಲಿಯೋ ಮಜ್ಜಿಗೆಯಲ್ಲಿಯೋ ಬೇಯಿಸಬೇಕು. ಅದರೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ನಾಲಿಗೆ ಗಂಟಲಿಗೆ ಚುಚ್ಚುವುದು ಅವೇ ಎಂದು ತಂಗಿಯ ಮಗ ಹೇಳಿದ್ದ. ಅತ್ತೆಯವರ ಶಾಸ್ತ್ರ ಇನ್ನೂ ಸೂಕ್ಷ್ಮ. ಹೆಚ್ಚುವಾಗ ಜಗಳ ಆಡಿದರೆ ಗಡ್ಡೆ ತುರಿಸುತ್ತದಂತೆ. ಆದ್ದರಿಂದ ಜನವರಿ ತಿಂಗಳಿಡೀ ನಮ್ಮ ಮನೆಯಲ್ಲಿ ಶಾಂತಿ. ಹುಳಿ, ಮಜ್ಜಿಗೆಹುಳಿ, ಬಜ್ಜಿ, ಕಾರ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಬೇಯಿಸಿದ ಹೋಳು. ಆ ಹೋಳು ತಿನ್ನುವಾಗ ನಾನು ಪಕ್ಷಾಂತರ ಮಾಡುವ ಹಂತಕ್ಕೆ ಬಂದಿದ್ದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ, ಅವಳ ಮುಂದೆ ಹೇಳಿಲ್ಲ.

ಉಳಿದದ್ದನ್ನು ಬೀದಿಗೆ ಹಂಚಿದೆವು. ಆಗ ಒಂದು ಸಂಗತಿ ಗಮನಕ್ಕೆ ಬಂತು. ಪಕ್ಕದ ಮನೆಯ ರಾಯರು, ಎಲ್ಲರಿಗೂ ಕೇಳುವ ಹಾಗೆ ಮಾತಾಡುವವರು, ಸಂಜೆ ಕಾಂಪೌಂಡಿನ ಬಳಿ ಬಂದು ಆಚೀಚೆ ನೋಡಿ ಪಿಸುಗುಟ್ಟಿದರು: "ಇನ್ನೊಂದಿಷ್ಟು ಗಡ್ಡೆ ಇದ್ದರೆ..." ಎರಡು ದಿನ ಬಿಟ್ಟು ಎದುರು ಮನೆಯವರು, ಅವರೂ ಪಿಸುಮಾತಿನಲ್ಲೇ. ಹಲಸನ್ನು ಯಾರಾದರೂ ಪಿಸುಗುಟ್ಟಿ ಕೇಳಿದ್ದುಂಟೇ? ಆಮೇಲೆ ಹೊಳೆಯಿತು. ಆಯುರ್ವೇದದಲ್ಲಿ ಈ ಗಡ್ಡೆಗೆ ಅರ್ಶೋಘ್ನ ಎಂದೇ ಒಂದು ಹೆಸರು. ಅರ್ಶಸ್ಸು ಅಂದರೆ ಮೂಲವ್ಯಾಧಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹೇಳುವವರೇ ಪಕ್ಕದವರ ಹಿತ್ತಲಿಗೆ ಕತ್ತಲಾದ ಮೇಲೆ ಬರುತ್ತಾರೆ. ಯಾರ್‍ಯಾರು ಬಂದರು ಎಂದು ಬರೆದರೆ ಬೀದಿಯಲ್ಲಿ ತಲೆ ಎತ್ತಿ ನಡೆಯಲಾಗದು, ಅವರಿಗೆ ಕೂರಲಾಗದ ಹಾಗೆ.

ಇನ್ನು ಆ ಆರನೆಯದು. ಮೇ ತಿಂಗಳ ಮೊದಲ ಮಳೆ ಬಿದ್ದು ವಾರವಾಗಿತ್ತು. ಒಂದು ಸಂಜೆ ಇಲಿ ಸತ್ತ ವಾಸನೆ. ಅಟ್ಟ ನೋಡಿದೆ, ಸಂಪು ನೋಡಿದೆ, ಸ್ಕೂಟರಿನ ಡಿಕ್ಕಿ ನೋಡಿದೆ. ರಾಯರು ತಮ್ಮ ಮನೆಯ ಅಟ್ಟ ಹತ್ತಿದರು. ಎದುರು ಮನೆಯವರು ಸೆಪ್ಟಿಕ್ ಟ್ಯಾಂಕಿನ ಮೇಲೆ ಅನುಮಾನಪಟ್ಟು ನಮ್ಮ ಮುಖವನ್ನು ಒಂದು ಥರ ನೋಡಿದರು. ಮಾರನೇ ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ನಮ್ಮಾಕೆ ಕೂಗಿದಳು. ಓಡಿಹೋಗಿ ನೋಡುತ್ತೇನೆ, ಬರೀ ನೆಲದಿಂದ, ಎಲೆಯಿಲ್ಲ ಏನಿಲ್ಲ, ಹಳೇ ನಾಟಕದ ಪರದೆಯ ಬಣ್ಣದ ಒಂದು ಹೂವು ಎದ್ದು ಕೂತಿದೆ! ನಡುವೆ ಸುಕ್ಕುಸುಕ್ಕಾದ ಮಿದುಳಿನಂಥ ಗುಬುಟು, ಸುತ್ತ ನೂರಾರು ನೊಣ. ಪರಾಗಕ್ಕಾಗಿ ನೊಣ, ಜೀರುಂಡೆಗಳನ್ನು ಕರೆಯಲು ಹೆಣದ ವಾಸನೆ ಬಿಡುವ ಹೂವು ಅದು. ಮಲ್ಲಿಗೆ ದುಂಬಿ ಎಂದೆಲ್ಲ ಹಾಡುವ ನಮ್ಮ ಕವಿಗಳು ಯಾಕೋ ಇದನ್ನು ಗಮನಿಸಿದಂತಿಲ್ಲ.

ಇದೇ ಕುಲದ ದೊಡ್ಡಣ್ಣ ಸುಮಾತ್ರದ ಕಾಡಿನಲ್ಲಿದ್ದಾನೆ. ಹೂವು ಹತ್ತಡಿಯ ತನಕ ಬೆಳೆಯುವುದುಂಟು. 1889ರಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಅದು ಮೊದಲ ಸಲ ಅರಳಿತು. ಇವತ್ತಿಗೂ ಎಲ್ಲಾದರೂ ಅರಳಿದರೆ ದೊಡ್ಡ ಊರುಗಳ ಜನ ಸಾಲಾಗಿ ನಿಂತು ಆ ದುರ್ವಾಸನೆ ಮೂಸಿಬರುತ್ತಾರೆ. ಇದನ್ನು ನಾನು ರಾಯರಿಗೆ ವಿವರಿಸಿದೆ. ಅವರು ಮೂಗಿಗೆ ಪಂಚೆಯ ಅಂಚು ಒತ್ತಿಕೊಂಡು, "ಹಾಗಾದರೆ ಲಂಡನ್ನಿಗೇ ಕಳಿಸಿಬಿಡಿ" ಅಂದರು.

ನನಗೆ ಸಿಕ್ಕ ಏಕೈಕ ಗೆಲುವು ಅದು. "ಹಲಸಿನ ವಾಸನೆಗೆ ಬೀದಿಯವರು ತಟ್ಟೆ ಹಿಡ್ಕೊಂಡು ಬರ್ತಾರೆ, ನಿನ್ನ ಗಡ್ಡೆಯ ವಾಸನೆಗೆ ಮುನಿಸಿಪಾಲಿಟಿಯವರು ಬರ್ತಾರೆ" ಅಂದೆ.

"ಹಲಸಿಗೆ ಯಾರು ಬರ್ತಾರೆ ಅಂತ ಕೊಡಗಿನವರನ್ನು ಕೇಳಿ" ಅಂದಳು. ಅದೂ ನಿಜವೇ. ಕಾಫಿ ತೋಟಕ್ಕೆ ಆನೆ ನುಗ್ಗುವುದು ಹಲಸಿನ ಆಸೆಗೆ ಎಂದು ಹಣ್ಣಾಗುವ ಮುಂಚೆಯೇ ಕಾಯಿ ಕಿತ್ತುಹಾಕುವವರಿದ್ದಾರೆ ಅಲ್ಲಿ. ಒಂದು ಆನೆಯನ್ನೇ ಕರೆಯುವ ಹಣ್ಣು, ಇನ್ನೊಂದು ಆನೆಯ ಕಾಲಿನಂಥ ಗಡ್ಡೆ. ಎರಡರ ನಡುವೆ ನನ್ನದು ಹನ್ನೆರಡಡಿ ಜಾಗ.

ಆದರೆ ಹಲಸಿನ ನಿಜವಾದ ಸಮಸ್ಯೆ ಆನೆಯಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಮೇಷ್ಟ್ರೊಬ್ಬರ ಮನೆಯುಂಟು. ಅವರ ಅಪ್ಪ ನೆಟ್ಟ ಹಲಸಿನ ಮರ, ಈಗ ಮನೆಗಿಂತ ಎತ್ತರ. ಜೂನ್ ಬಂತೆಂದರೆ ಮೇಷ್ಟ್ರು ಗೇಟಿನಲ್ಲೇ ನಿಂತಿರುತ್ತಾರೆ. ಹೋಗುವವರನ್ನೆಲ್ಲ ತಡೆದು, "ಒಂದು ಹಣ್ಣು ತಗೊಂಡು ಹೋಗಿ ಸಾರ್, ದಮ್ಮಯ್ಯ" ಅನ್ನುತ್ತಾರೆ. ಮೊದಮೊದಲು ಜನ ಸಂತೋಷದಿಂದ ಹೊತ್ತು ಹೋಗುತ್ತಿದ್ದರು. ಆಮೇಲೆ ಕೊಯ್ಯಲು ಬರದವರು, ಅಪಾರ್ಟ್‌ಮೆಂಟಿನವರು, ಸಕ್ಕರೆಯವರು, ಎಲ್ಲರೂ ಜಾರಿಕೊಳ್ಳತೊಡಗಿದರು. ಈಗ ಜೂನ್ ತಿಂಗಳಲ್ಲಿ ಮೇಷ್ಟ್ರನ್ನು ಕಂಡರೆ ಜನ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ. ಇನ್ಶೂರೆನ್ಸ್ ಏಜೆಂಟರಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆ ಅದು.

ಈ ಸಲ ನಾವು ದಾಟಲಿಲ್ಲ. ಜನವರಿಯಲ್ಲಿ ನಮ್ಮ ಗಡ್ಡೆ ಅವರ ಮನೆಗೂ ಹೋಗಿತ್ತಲ್ಲ. ಮೇಷ್ಟ್ರು ಅದನ್ನು ನೆನಪಿಟ್ಟುಕೊಂಡು ತಾವೇ ಹಣ್ಣು ಬಿಡಿಸಿ, ಒಂದು ಪಾತ್ರೆ ಬಕ್ಕೆ ತೊಳೆ ತಂದುಕೊಟ್ಟರು. ಮೇಣವಿಲ್ಲ, ಸಿಪ್ಪೆಯಿಲ್ಲ, ನೊಣವಿಲ್ಲ. ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು ಎಂದು ಹಿರಿಯರು ಹೇಳಿದ್ದಾರೆಂದು ಮಧ್ಯಾಹ್ನದ ಊಟ ಮುಂದೂಡಿ ಇಬ್ಬರೂ ಜಗಲಿಯಲ್ಲಿ ಕೂತೆವು. ಸಕ್ಕರೆಯ ಗುಳಿಗೆ ಪಕ್ಕದಲ್ಲೇ ಇತ್ತು.

ಅವಳೂ ತಿಂದಳು. ನಾನು ಕಡೆಗಣ್ಣಿನಲ್ಲಿ ಎಣಿಸುತ್ತಿದ್ದೆ, ಹನ್ನೊಂದು ತೊಳೆ. "ಕಾಗೆ ಕಾಯದೆ ತಿಂದರೆ ಹಲಸು ಒಳ್ಳೇದೇ ಉಂಟು" ಅಂದಳು. ಬೀಜಗಳನ್ನು ಮಾತ್ರ ಹೇಳದೆಯೇ ಒಂದೊಂದಾಗಿ ಬೇರೆ ಬಟ್ಟಲಿಗೆ ಹಾಕುತ್ತಿದ್ದಳು, ಎಂಟು ವರ್ಷದ ಕೈಯ ಅಭ್ಯಾಸ.

ನನಗೆ ಆಗ ಅನ್ನಿಸಿತು, ಹಲಸಿನ ಮರ ಇರಬೇಕಾದದ್ದು ನಾಲ್ಕು ಮನೆ ಆಚೆ. ಸುವರ್ಣಗಡ್ಡೆ ಇರಬೇಕಾದದ್ದು ನಮ್ಮ ಹಿತ್ತಲಲ್ಲಿ. ಜನವರಿಯಲ್ಲಿ ಕೊಟ್ಟು ಜೂನಿನಲ್ಲಿ ಇಸಿದುಕೊಂಡರೆ ಆಯಿತು. ಇಷ್ಟು ಸರಳವಾದದ್ದಕ್ಕೆ ನಾನು ಯಾಕೆ ಒಂದು ವರ್ಷ ಹೋರಾಡಿದೆ? ಸೋಲೊಪ್ಪಿಕೊಂಡೆ. "ಸಿದ್ದುವನ್ನು ಮೇಷ್ಟ್ರ ಮಗನ ತೋಟಕ್ಕೆ ಕೊಟ್ಟುಬಿಡೋಣ, ಅವರ ಜಮೀನು ನಂಜನಗೂಡಿನ ಕಡೆ ಇದೆಯಂತೆ" ಅಂದೆ. ಅವಳು ಮಾತಾಡಲಿಲ್ಲ. ಗೆದ್ದವರು ಮಾತಾಡದಿದ್ದರೆ ಯಾಕೋ ಭಯ.

ಭಾನುವಾರ ಮೇಷ್ಟ್ರ ಮಗ ಕಾರು ತಂದ. ನಾನು ಚೀಲದ ಎರಡು ಕಿವಿ ಹಿಡಿದು ಎತ್ತಿದೆ. ಚೀಲ ಏಳಲಿಲ್ಲ. ಸೊಂಟದ ದೋಷವೆಂದುಕೊಂಡು ಹುಡುಗನನ್ನು ಕರೆದೆ. ಅವನು ಎಳೆದ. ಪ್ಲಾಸ್ಟಿಕ್ಕು ಪರ್ರನೆ ಹರಿಯಿತೇ ಹೊರತು ಗಿಡ ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ, ನೀರು ಬಸಿಯಲು ಬಿಟ್ಟಿದ್ದ ತೂತಿನಿಂದ ನನ್ನ ಹೆಬ್ಬೆರಳಿನ ದಪ್ಪದ ಬೇರು ಇಳಿದು ನೇರವಾಗಿ ನೆಲ ಸೇರಿದೆ. ಒಂದು ವರ್ಷದಿಂದ ಮೇಲೆ ನಾಲ್ಕು ಎಲೆ ತೋರಿಸಿ, ಅಷ್ಟೂ ದಿನ ಒಗೆದ ನೀರು ಕುಡಿದು, ಯಾರಿಗೂ ಸುಳಿವು ಕೊಡದೆ ಕೆಳಗೆ ಮನೆ ಮಾಡಿಕೊಂಡಿದೆ.

ನಮ್ಮಾಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಕುಕ್ಕರುಗಾಲಲ್ಲಿ ಕೂತು ಬೇರನ್ನು ಮುಟ್ಟಿ ನೋಡಿದಳು.

"ನಿಮ್ಮ ಹಲಸು ಗಡ್ಡೆಯ ಬುದ್ಧಿ ಕಲ್ತಿದೆ ಮಾರಾಯ್ರೆ" ಅಂದಳು.

"ಕಡಿದು ತೆಗೆಯಲಾ ಆಂಟಿ?" ಅಂದ ಹುಡುಗ, ಹಾರೆಗಾಗಿ ಸುತ್ತ ನೋಡುತ್ತಾ.

ಅವಳು ಅವನನ್ನು ನೋಡಿದ ನೋಟಕ್ಕೆ ಆ ಹುಡುಗ ಕಾಫಿ ಕೂಡ ಕುಡಿಯದೆ ಹೊರಟುಹೋದ. ಹೋಗುವಾಗ ಅವನ ಕೈಗೆ ಎರಡು ಮೊಳಕೆಗಡ್ಡೆ ಕೊಟ್ಟು ಕಳಿಸಿದಳು, ಬಂದದ್ದು ದಂಡವಾಗಬಾರದೆಂದು.

ಈಗ ಒಗೆಯುವ ಕಲ್ಲನ್ನು ಎಲ್ಲಿಗೆ ಹಾಕುವುದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಮಾತುಕತೆ ನಡೆದಿದೆ. ನುಗ್ಗೆಯ ಜಾಗಕ್ಕೆ ಅಂತ ನಾನಂದೆ. ಅಲ್ಲಿ ಗಡ್ಡೆ ಇದೆ ಅಂತ ಅವಳು. ಸದ್ಯಕ್ಕೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳದ ಮೇಲೆ ಇಟ್ಟಿದ್ದೇವೆ. ತಾತ್ಕಾಲಿಕ.